ಬೋಳು ಕೊಂಬೆಯಲ್ಲಿ ಹೂವೇಕೆ?
ಕಿತ್ತೂರಿನಿಂದ ರಾಮದುರ್ಗದವರೆಗೆ ಒಂದು ದಿನದ ವಸಂತಸಂಚಾರ

ವಸಂತವೆಂದೊಡನೆ ಚಿಗುರು, ಹೂವು, ಕೋಗಿಲೆಗಳ ನೆನಪಾಗುವುದು ಸಹಜ. ಆದರೆ ವಸಂತವು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿಯಾಗಿ ಬರುವುದಿಲ್ಲ. ಯೂರೋಪು, ಉತ್ತರ ಅಮೆರಿಕಗಳ ಸಮಶೀತೋಷ್ಣ ವಲಯದ ಕಾಡುಗಳಲ್ಲಿ ಹಿಮ ಕರಗಿದ ಮೇಲೆ ಮೊದಲು ಹೂ ಬಿಡುವುವು ನೆಲದ ಮೇಲಿನ ಪುಟ್ಟ ಗಿಡಗಳು. ಓಕ್, ಬೀಚ್ ಮೊದಲಾದ ದೊಡ್ಡ ಮರಗಳು ಎಲೆ ತಳೆದು ನೆಲಕ್ಕೆ ನೆರಳು ಕವಿಯುವ ಮುನ್ನ ಕೆಲವೇ ವಾರಗಳ ಬಿಸಿಲು ದೊರೆಯುತ್ತದೆ. ಅಷ್ಟರೊಳಗೆ ಆ ಗಿಡಗಳು ತಮ್ಮ ವರ್ಷದ ಕೆಲಸವನ್ನೆಲ್ಲ ಮುಗಿಸಿಕೊಳ್ಳಬೇಕು. ಆದುದರಿಂದ ಅಲ್ಲಿ ವಸಂತದ ಹೂ ನೋಡಲು ಹೋದವರು ತಲೆ ಬಾಗಿಸಿ ನೆಲವನ್ನು ನೋಡುತ್ತಾರೆ.

ನಮ್ಮ ನಾಡಿನಲ್ಲಿ ಇದಕ್ಕೆ ವಿರುದ್ಧವಾಗಿ ತಲೆ ಎತ್ತಿ ನೋಡಬೇಕು. ಮಾರ್ಚ್ ತಿಂಗಳಿನಲ್ಲಿ ಉತ್ತರ ಕರ್ನಾಟಕದ ನೆಲವು ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಹುಲ್ಲು ಸುಟ್ಟಂತಾಗಿರುತ್ತದೆ, ಬಾವಿಯ ನೀರು ತಳಕ್ಕಿಳಿದಿರುತ್ತದೆ. ಅದೇ ವೇಳೆಗೆ ಒಂದೂ ಎಲೆಯಿಲ್ಲದ ಮುತ್ತುಗದ ಮರವು ಮೈತುಂಬ ಕೆಂಡದಂಥ ಹೂವನ್ನು ಹೊತ್ತು ನಿಂತಿರುತ್ತದೆ. ಹೂವನ್ನು ಮಾಡಲು ನೀರು ಬೇಕು, ಸಕ್ಕರೆ ಬೇಕು. ನೀರು ಹೇರಳವಾಗಿದ್ದ ಆಷಾಢ, ಶ್ರಾವಣಗಳನ್ನು ಬಿಟ್ಟು, ವರ್ಷದಲ್ಲಿಯೇ ಅತ್ಯಂತ ಬರಡಾದ ಈ ಕಾಲವನ್ನು ಮರವು ಏಕೆ ಆರಿಸಿಕೊಂಡಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಪುಸ್ತಕವೊಂದೇ ಸಾಲದು. ಒಂದು ದಿನ ಹೊರಗೆ ಸುತ್ತಾಡಬೇಕು. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು ಹಾಯ್ದು ಹೋಗುವ ಹಾದಿಯು ಇಂತಹ ಅಧ್ಯಯನಕ್ಕೆ ಬಹಳ ಅನುಕೂಲವಾದುದು.

ಹಾದಿಯೂ ಕಾಲವೂ

ಈ ನಾಲ್ಕು ಊರುಗಳೂ ಮಲಪ್ರಭಾ ನದಿಯ ಜಲಾನಯನ ಪ್ರದೇಶದಲ್ಲಿವೆ. ಮಲಪ್ರಭೆಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟಗಳ ನೆತ್ತಿಯ ಮೇಲೆ, ಹುಟ್ಟಿ ಪೂರ್ವಾಭಿಮುಖವಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮಳೆಗಾಳಿಯು ಘಟ್ಟವನ್ನು ಏರುವಾಗಲೇ ತನ್ನ ಹೊರೆಯ ಬಹುಭಾಗವನ್ನು ಇಳಿಸಿಬಿಡುತ್ತದೆ. ಆದುದರಿಂದ ಕಣಕುಂಬಿಯಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ನೇರ ಅಳತೆಯಲ್ಲಿ ಅಲ್ಲಿಂದ ನೂರು ಕಿಲೋಮೀಟರಿಗೆ ತುಸು ಮಿಗಿಲಾದ ದೂರದಲ್ಲಿರುವ ರಾಮದುರ್ಗದಲ್ಲಿ ೫೦೦ರಿಂದ ೬೦೦ ಮಿಲಿಮೀಟರಿನಷ್ಟೇ ಬೀಳುತ್ತದೆ. ಕಿತ್ತೂರು ಈ ಎರಡರ ನಡುವಣ ಸ್ಥಿತಿಯಲ್ಲಿದೆ. ಕಿತ್ತೂರಿನಿಂದ ರಾಮದುರ್ಗದವರೆಗಿನ ರಸ್ತೆ ನೂರು ಕಿಲೋಮೀಟರಿನ ಆಸುಪಾಸು. ಬೆಳಗ್ಗೆ ಕಾಡಿನಲ್ಲಿ ಹೊರಟವರು ಸಂಜೆಗೆ ಮುಳ್ಳುಗಂಟಿಗಳ ಸೀಮೆಯನ್ನು ಮುಟ್ಟುವರು. ಮಳೆಯು ಕಡಮೆಯಾಗುತ್ತ ಹೋದಂತೆ ಸಸ್ಯಗಳು ಏನು ಮಾಡುತ್ತವೆಂಬುದನ್ನು ಕ್ರಮವಾಗಿ ತೋರಿಸುವ ಒಂದು ಪ್ರಯೋಗಶಾಲೆ ಇದೆಂದರೂ ಸಲ್ಲುವುದು.

ಹೊರಡಲು ತಕ್ಕ ಕಾಲ ಹೋಳಿಹುಣ್ಣಿಮೆಗೂ ಯುಗಾದಿಗೂ ನಡುವಣ ಹದಿನೈದು ದಿನಗಳು. ಹೋಳಿಗೆ ಮುತ್ತುಗ, ಯುಗಾದಿಗೆ ಬೇವು ಎಂದು ನಮ್ಮ ಹಬ್ಬಗಳೇ ಹೂವಿನ ಪಂಚಾಂಗವನ್ನು ಹೇಳುತ್ತವೆ. ಈ ದಿನಗಳು ಪರೀಕ್ಷೆಯ ದಿನಗಳೂ ಆಗಿರುವುದರಿಂದ ವಿದ್ಯಾರ್ಥಿಗಳು ವರ್ಷವರ್ಷವೂ ವಸಂತವನ್ನು ಕಿಟಕಿಯಾಚೆಗೆ ಬಿಟ್ಟುಬಿಡುತ್ತಾರೆ. ಒಂದು ಭಾನುವಾರವನ್ನಾದರೂ ಇದಕ್ಕಾಗಿ ಎತ್ತಿಡುವುದು ನಷ್ಟವಲ್ಲ.

ಕಿತ್ತೂರಿನ ಪಶ್ಚಿಮಕ್ಕೆ

೧೮೨೪ರಲ್ಲಿ ರಾಣಿ ಚೆನ್ನಮ್ಮ ಬ್ರಿಟಿಷರನ್ನು ಎದುರಿಸಿ ನಿಂತ ಕಿತ್ತೂರಿನ ಕೋಟೆಯನ್ನು ನೋಡಲು ಹೋಗುವವರು ಬಹಳ. ಕೋಟೆಯನ್ನು ಬಿಟ್ಟು ಪಶ್ಚಿಮಕ್ಕೆ, ಖಾನಾಪುರ ಅಳ್ನಾವರಗಳ ಕಡೆಗೆ ನಡೆದರೆ ಹೊಲಗಳು ಮುಗಿದು ಎಲೆಯುದುರುವ ಕಾಡು ಎದುರಾಗುತ್ತದೆ. ತೇಗ, ಮತ್ತಿ, ದಿಂಡಿಗ, ಹೊನ್ನೆ, ನೆಲ್ಲಿ, ಮುತ್ತುಗ, ಬೂರುಗ ಇವು ಇಂತಹ ಕಾಡಿನ ಸಾಮಾನ್ಯ ಮರಗಳು. ಮಾರ್ಚ್ ತಿಂಗಳಿನ ಬೆಳಗಿನಲ್ಲಿ ಇಲ್ಲಿ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು ಒಣಗಿದ ತೇಗದ ಎಲೆಗಳು ಕಾಲಡಿಯಲ್ಲಿ ಮುರಿಯುವ ಸದ್ದು.

ಮರವು ಎಲೆಯನ್ನು ಏಕೆ ಉದುರಿಸುತ್ತದೆಂಬುದನ್ನು ಮೊದಲು ತಿಳಿಯಬೇಕು. ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳು ಅಸಂಖ್ಯವಾಗಿರುತ್ತವೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಇವುಗಳ ಮೂಲಕವೇ ಒಳಗೆ ಬರಬೇಕು. ಆದರೆ ಬಾಗಿಲು ತೆರೆದರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುವುದೂ ಅನಿವಾರ್ಯ. ಮಳೆಗಾಲದಲ್ಲಿ ಈ ವ್ಯಾಪಾರ ಲಾಭದ್ದು. ನೆಲ ಒಣಗಿದ ಮೇಲೆ ಬೇರು ತರುವ ನೀರಿಗಿಂತ ಎಲೆ ಕಳೆಯುವ ನೀರೇ ಹೆಚ್ಚಾಗುತ್ತದೆ. ಆಗ ಮರವು ಅಂಗಡಿಯನ್ನೇ ಮುಚ್ಚಿಬಿಡುತ್ತದೆ. ಎಲೆಯಲ್ಲಿದ್ದ ಪತ್ರಹರಿತ್ತು ಒಡೆದು, ಸಾರಜನಕವೇ ಮೊದಲಾದ ಬೆಲೆಯುಳ್ಳ ದ್ರವ್ಯಗಳ ಬಹುಪಾಲು ಕಾಂಡಕ್ಕೆ ಹಿಂದಿರುಗುತ್ತವೆ. ತೊಟ್ಟಿನ ಬುಡದಲ್ಲಿ ಬಿರುಕುಪದರವೊಂದು ಬೆಳೆಯುತ್ತದೆ. ಗಾಳಿ ಬೀಸಿದಾಗ ಎಲೆ ಕಳಚಿ ಬೀಳುತ್ತದೆ. ಎಲೆಯುದುರುವುದು ಮರದ ಸಾವಲ್ಲ, ಅದೊಂದು ಮಿತವ್ಯಯ.

ಈ ಮಿತವ್ಯಯದಿಂದಲೇ ಹೂವಿಗೆ ಬೇಕಾದ ನೀರು ಒದಗುತ್ತದೆ. ಮಧ್ಯ ಅಮೆರಿಕದ ಕೋಸ್ಟಾರಿಕಾ ದೇಶದ ಒಣಕಾಡುಗಳಲ್ಲಿ ದೀರ್ಘಕಾಲ ಕೆಲಸ ಮಾಡಿದ ಸಸ್ಯವಿಜ್ಞಾನಿ ರಾಲ್ಫ್ ಬೋರ್ಶರ್ಟ್ ಅವರು ೧೯೯೪ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ಎಲೆಗಳು ಉದುರಿದ ಮೇಲೆ ನೀರಿನ ಸೋರಿಕೆ ನಿಲ್ಲುತ್ತದೆ. ಆಳದ ಮಣ್ಣಿನಿಂದಲೂ ಕಾಂಡದಲ್ಲಿ ಸಂಗ್ರಹವಾಗಿದ್ದ ನೀರಿನಿಂದಲೂ ಕೊಂಬೆಗಳು ಮೆಲ್ಲಗೆ ಮತ್ತೆ ತೇವಗೊಳ್ಳುತ್ತವೆ. ಹಾಗೆ ತೇವಗೊಂಡ ಕೊಂಬೆಯಲ್ಲಿ ಮೊಗ್ಗು ಬಿರಿಯಬಲ್ಲದು. ಹಗುರವಾದ, ಮೆತ್ತನೆಯ ಕಟ್ಟಿಗೆಯುಳ್ಳ ಮರಗಳು ಹೆಚ್ಚು ನೀರನ್ನು ಕೂಡಿಡುತ್ತವೆ. ಗಟ್ಟಿಯಾದ ಕಟ್ಟಿಗೆಯವು ಕಡಮೆ. ನಮ್ಮ ಕಾಡಿನಲ್ಲಿ ಈ ಭೇದವನ್ನು ಕಣ್ಣಾರೆ ನೋಡಬಹುದು. ಬೂರುಗದ ಕಟ್ಟಿಗೆ ಬೆಂಕಿಕಡ್ಡಿ ಮಾಡುವಷ್ಟು ಹಗುರ. ಅದು ಬೋಳಾಗಿದ್ದುಕೊಂಡೇ ಫೆಬ್ರವರಿಯಿಂದ ಅಂಗೈಯಗಲದ ಕೆಂಪು ಹೂವನ್ನು ಬಿಡುತ್ತದೆ. ಅದರ ಪಕ್ಕದಲ್ಲಿಯೇ ನಿಂತ ತೇಗವಾದರೋ ಬೇಸಿಗೆಯಲ್ಲಿ ಸುಮ್ಮನಿದ್ದು ಮಳೆ ಹಿಡಿದ ಮೇಲೆಯೇ ಹೂ ಬಿಡುತ್ತದೆ. ವಸಂತವು ಎಲ್ಲ ಮರಗಳಿಗೂ ಒಂದೇ ಎಂದು ತಿಳಿಯಲಾಗದು.

ಮುತ್ತುಗದ ಅತಿಥಿಗಳು

ಮುತ್ತುಗವನ್ನು ನಮ್ಮ ಉತ್ತರ ಕರ್ನಾಟಕದಲ್ಲಿ ಮುತ್ತಲ ಎನ್ನುವುದುಂಟು. ಸಂಸ್ಕೃತದಲ್ಲಿ ಇದು ಪಲಾಶ, ಕಿಂಶುಕ. ಸಸ್ಯಶಾಸ್ತ್ರದಲ್ಲಿ ಬ್ಯೂಟಿಯ ಮಾನೊಸ್ಪರ್ಮ. ಊಟದ ಪತ್ರಾವಳಿಗೆ ಇದರ ಎಲೆ, ಓಕುಳಿಯ ಬಣ್ಣಕ್ಕೆ ಇದರ ಹೂವು. ಹೂವೊಂದನ್ನು ಕೈಗೆತ್ತಿಕೊಂಡು ನೋಡಿರಿ. ಕಪ್ಪು ಮಕಮಲ್ಲಿನಂಥ ಪುಷ್ಪಪಾತ್ರೆ. ಅದರಿಂದ ಹೊರಟ ಐದು ಕಿತ್ತಳೆಗೆಂಪು ದಳಗಳು. ಅವುಗಳಲ್ಲಿ ಎರಡು ಕೂಡಿ ಗಿಳಿಯ ಕೊಕ್ಕಿನಂತೆ ಬಾಗಿವೆ. ಕೇಸರಗಳೂ ಶಲಾಕೆಯೂ ಆ ಕೊಕ್ಕಿನೊಳಗೆ ಅಡಗಿವೆ. ಬುಡದಲ್ಲಿ ಮಕರಂದವು ಧಾರಾಳವಾಗಿದೆ. ಆದರೆ ಮೂಸಿದರೆ ಪರಿಮಳವಿಲ್ಲ.

ಈ ಲಕ್ಷಣಗಳೆಲ್ಲ ಹೂವು ಯಾರನ್ನು ಕರೆಯುತ್ತಿದೆಯೆಂಬುದನ್ನು ಸೂಚಿಸುತ್ತವೆ. ಜೇನುಹುಳುಗಳಿಗೆ ಕೆಂಪು ಬಣ್ಣ ಚೆನ್ನಾಗಿ ಕಾಣದು. ಹಕ್ಕಿಗಳಿಗೆ ಅದು ಬಹು ದೂರದಿಂದ ಕಾಣುತ್ತದೆ. ಹಕ್ಕಿಗಳು ಹೂವನ್ನು ಅರಸುವುದು ಕಣ್ಣಿನಿಂದಲೇ ಹೊರತು ಮೂಗಿನಿಂದಲ್ಲ. ಆದುದರಿಂದ ಪರಿಮಳ ಬೇಕಿಲ್ಲ. ಎಲೆಗಳ ಮರೆಯಿಲ್ಲದ ಬೋಳು ಮರದಲ್ಲಿ ಈ ಕರೆಯು ಇನ್ನೂ ಸ್ಪಷ್ಟವಾಗುತ್ತದೆ. ಬೋಳುಕೊಂಬೆಯ ಹೂವಿನ ಪ್ರಯೋಜನಗಳಲ್ಲಿ ಇದೊಂದು.

ಮರದ ಬುಡದಲ್ಲಿ ಅರ್ಧ ಗಂಟೆ ಕುಳಿತರೆ ಸೂರಕ್ಕಿ, ಗೊರವಂಕ, ಪಿಕಳಾರ, ಗಿಳಿ ಮೊದಲಾದ ಹಕ್ಕಿಗಳು ಬಂದುಹೋಗುವುದನ್ನು ಕಾಣಬಹುದು. ಇವೆಲ್ಲ ಪರಾಗಸ್ಪರ್ಶವನ್ನು ಮಾಡುತ್ತವೆಯೆ? ಮೈಸೂರಿನಲ್ಲಿ ಹುಟ್ಟಿ ದೆಹಲಿಯಲ್ಲಿ ಬಹುಕಾಲ ಸಸ್ಯಶಾಸ್ತ್ರವನ್ನು ಬೋಧಿಸಿದ ಎಚ್. ವೈ. ಮೋಹನರಾಮ್ ಅವರೂ ಕೆ. ಆರ್. ಶಿವಣ್ಣ, ರಾಜೇಶ್ ಟಂಡನ್ ಅವರೂ ಈ ಪ್ರಶ್ನೆಯನ್ನು ಪರೀಕ್ಷಿಸಿ ೨೦೦೩ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಹಲವು ಜಾತಿಯ ಹಕ್ಕಿಗಳು ಬಂದರೂ ಅವುಗಳಲ್ಲಿ ಪರಾಗವನ್ನು ಸರಿಯಾಗಿ ತಲುಪಿಸುವುದು ನೇರಳೆ ಸೂರಕ್ಕಿಯೊಂದೇ. ಅದರ ಜೊತೆಗೆ ಮೂರುಪಟ್ಟೆಯ ಅಳಿಲೂ ಈ ಕೆಲಸವನ್ನು ಮಾಡುತ್ತದೆ ಎಂದು ಅವರು ಕಂಡರು. ಉಳಿದ ಅತಿಥಿಗಳು ಬಹುಮಟ್ಟಿಗೆ ಉಂಡು ಹೋಗುವವರು. ಹೂವು ಇಷ್ಟೊಂದು ಇದ್ದರೂ ಕಾಯಿ ಏಕೆ ಅಷ್ಟು ಕಡಮೆ ಎಂಬುದನ್ನು ತಿಳಿಯಲು ಇದು ನೆರವಾಗುತ್ತದೆ. ಹಕ್ಕಿ ಹೂವಿನ ಮೇಲೆ ಕುಳಿತುದನ್ನು ಕಂಡಮಾತ್ರಕ್ಕೆ ಪರಾಗಸ್ಪರ್ಶವಾಯಿತೆಂದು ತೀರ್ಮಾನಿಸಬಾರದೆಂಬ ಪಾಠವೂ ಇದರಲ್ಲಿದೆ.

ಇದೇ ಕಾಡಿನ ಅಂಚಿನಲ್ಲಿ ಧಾತಕಿಯ ಪೊದೆಗಳನ್ನೂ ಹುಡುಕಿರಿ. ಉದ್ದನೆಯ ಕೋಲುಗಳ ತುಂಬ ಸಣ್ಣ ಕೆಂಪು ಕೊಳವೆಹೂಗಳು ಅಂಟಿಕೊಂಡಿರುತ್ತವೆ. ಕವಲು ಮರದ ಹೂವು ರಾತ್ರಿಯಲ್ಲಿ ಅರಳುವುದರಿಂದ ಬೆಳಗ್ಗೆ ನಮಗೆ ಸಿಗುವುದು ನೆಲಕ್ಕೆ ಬಿದ್ದ ಬಿಳಿಗುಲಾಬಿ ಕೇಸರಗಳ ಕುಚ್ಚು ಮಾತ್ರ.

ಮಳೆಯ ದಾರಿ ಕಾಯುವ ಬೀಜ

ಹೂವಿಗೆ ನೀರು ಎಲ್ಲಿಂದ ಬಂತೆಂಬುದನ್ನು ಕಂಡೆವು. ಆದರೆ ಏಕೆ ಈಗ ಎಂಬ ಪ್ರಶ್ನೆ ಉಳಿದಿದೆ. ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್ ೧೯೬೭ರಲ್ಲಿ ಮಧ್ಯ ಅಮೆರಿಕದ ಮರಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇದಕ್ಕೆ ಕಾರಣಗಳನ್ನು ವಿವರಿಸಿದರು. ಮಳೆಗಾಲವು ಮರಕ್ಕೆ ಬೆಳೆಯುವ ಕಾಲ. ನೆರೆಯ ಮರಗಳೊಡನೆ ಬೆಳಕಿಗಾಗಿ ಸ್ಪರ್ಧಿಸುವ ಆ ದಿನಗಳಲ್ಲಿ ಸಕ್ಕರೆಯನ್ನೆಲ್ಲ ಹೂವಿಗೆ ವೆಚ್ಚ ಮಾಡುವುದು ಜಾಣತನವಲ್ಲ. ಒಣಗಾಲದಲ್ಲಿ ಹೇಗೂ ಬೆಳವಣಿಗೆ ನಿಂತಿರುತ್ತದೆ. ಹೂ ಹಣ್ಣುಗಳ ಕೆಲಸಕ್ಕೆ ಅದೇ ಬಿಡುವು. ಪರಾಗವನ್ನು ಒಯ್ಯುವ ಪ್ರಾಣಿಗಳಿಗೂ ಜಡಿಮಳೆಗಿಂತ ಬಿಸಿಲಿನ ದಿನಗಳೇ ಅನುಕೂಲ.

ಎಲ್ಲಕ್ಕಿಂತ ಮುಖ್ಯವಾದುದು ಬೀಜದ ಲೆಕ್ಕ. ಮಾರ್ಚಿನಲ್ಲಿ ಅರಳಿದ ಮುತ್ತುಗದ ಹೂವು ಮೇ ತಿಂಗಳ ವೇಳೆಗೆ ಚಪ್ಪಟೆಯಾದ ಕಾಯಾಗುತ್ತದೆ. ಅದರ ತುದಿಯಲ್ಲಿ ಒಂದೇ ಬೀಜ, ಉಳಿದುದೆಲ್ಲ ರೆಕ್ಕೆ. ಮಳೆಗೆ ಮುಂಚಿನ ಬಿರುಗಾಳಿಯಲ್ಲಿ ಅದು ಹಾರಿ ದೂರ ಬೀಳುತ್ತದೆ. ಕೆಲವೇ ದಿನಗಳಲ್ಲಿ ಮಳೆ ಬಂದು ಮೊಳಕೆಯೊಡೆಯುತ್ತದೆ. ಆ ಮೊಳಕೆಗೆ ಬೇರೂರಲು ನಾಲ್ಕು ತಿಂಗಳ ತೇವ ದೊರೆಯುತ್ತದೆ. ಇದೇ ಮರವು ಆಗಸ್ಟಿನಲ್ಲಿ ಹೂ ಬಿಟ್ಟು ನವೆಂಬರಿನಲ್ಲಿ ಬೀಜ ಉದುರಿಸಿದ್ದರೆ, ಹುಟ್ಟಿದ ಸಸಿಯು ಮೊದಲ ಬೇಸಿಗೆಯಲ್ಲಿಯೇ ಸಾಯುತ್ತಿದ್ದಿತು. ಹೀಗೆ ಮರದ ಹೂವು ಇಂದಿನ ಬಿಸಿಲನ್ನಲ್ಲ, ಮೂರು ತಿಂಗಳ ಆಚೆಯ ಮಳೆಯನ್ನು ಗುರಿಯಾಗಿಟ್ಟುಕೊಂಡಿದೆ.

ಬರಲಿರುವ ಮಳೆಯ ಸುಳಿವು ಮರಕ್ಕೆ ಹೇಗೆ ಹತ್ತುತ್ತದೆ? ಅನೇಕ ಮರಗಳಲ್ಲಿ ಹಗಲಿನ ಉದ್ದವೇ ಈ ಸೂಚನೆಯೆಂದು ತಿಳಿದುಬಂದಿದೆ. ಕಿತ್ತೂರಿನ ಅಕ್ಷಾಂಶದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು ೧೧ ಗಂಟೆ ೧೧ ನಿಮಿಷ. ಜೂನಿನ ಅತಿ ದೊಡ್ಡ ಹಗಲು ಸುಮಾರು ೧೩ ಗಂಟೆ ೪ ನಿಮಿಷ. ಮಾರ್ಚಿನಲ್ಲಿ ಹಗಲು ದಿನಕ್ಕೆ ಒಂದು ನಿಮಿಷಕ್ಕೂ ಕಡಮೆ ಬೆಳೆಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನೂ ಮೊಗ್ಗುಗಳು ಗುರುತಿಸಬಲ್ಲವು. ಏಷ್ಯದ ಮಾನ್ಸೂನ್ ಕಾಡುಗಳನ್ನು ಕುರಿತು ಎಲಿಯಟ್, ಬೇಕರ್, ಬೋರ್ಶರ್ಟ್ ಅವರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನವು, ಅನೇಕ ಮರಗಳು ಮಳೆಗೆ ಒಂದೆರಡು ತಿಂಗಳು ಮೊದಲೇ, ಕಡು ಬಿಸಿಲಿನಲ್ಲಿಯೇ, ಚಿಗುರುವುದಕ್ಕೆ ಬೆಳೆಯುವ ಹಗಲೇ ಪ್ರೇರಣೆಯೆಂದು ಹೇಳಿತು. ಮೊದಲ ಮಳೆ ಬಿದ್ದ ದಿನವೇ ದುಡಿಮೆಗೆ ಸಿದ್ಧವಾದ ಎಲೆ ಮರದಲ್ಲಿರಬೇಕಲ್ಲವೆ? ಯುಗಾದಿಯು ಚಾಂದ್ರಮಾನದ ಹಬ್ಬವಾದುದರಿಂದ ೨೦೨೩ರಲ್ಲಿ ಮಾರ್ಚ್ ೨೨ಕ್ಕೂ ೨೦೨೪ರಲ್ಲಿ ಏಪ್ರಿಲ್ ೯ಕ್ಕೂ ಬಂತು. ಮರಗಳು ಎಣಿಸುವುದು ಸೂರ್ಯನನ್ನು. ಆದುದರಿಂದಲೇ ಕೆಲವು ವರ್ಷ ಯುಗಾದಿಗೆ ಬೇವಿನ ಹೂ ತುಂಬಿರುತ್ತದೆ, ಕೆಲವು ವರ್ಷ ಮೊಗ್ಗನ್ನು ಹುಡುಕಬೇಕಾಗುತ್ತದೆ.

ಬೈಲಹೊಂಗಲದ ಎರೆಭೂಮಿ

ಕಿತ್ತೂರಿನಿಂದ ಬೈಲಹೊಂಗಲದ ಕಡೆಗೆ ಸಾಗಿದಂತೆ ಮಣ್ಣು ಕಪ್ಪಾಗುತ್ತದೆ, ಆಕಾಶ ಅಗಲವಾಗುತ್ತದೆ, ಮರಗಳು ವಿರಳವಾಗುತ್ತವೆ. ಇದು ಹತ್ತಿಗೂ ಜೋಳಕ್ಕೂ ಹೆಸರಾದ ಎರೆಯ ನೆಲ. ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು ೧೮೨೯ರಲ್ಲಿ ತೀರಿಕೊಂಡುದು ಬೈಲಹೊಂಗಲದಲ್ಲಿಯೇ. ಅವಳ ಸಮಾಧಿ ಇಲ್ಲಿದೆ.

ಎರೆಯ ಹೊಲವೊಂದರ ಅಂಚಿನಲ್ಲಿ ನಿಂತು ನೆಲವನ್ನು ನೋಡಿರಿ. ಕೈ ಇಳಿಸಬಹುದಾದಷ್ಟು ಅಗಲವಾದ ಬಿರುಕುಗಳು ಬಾಯಿ ಬಿಟ್ಟಿರುತ್ತವೆ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಗ್ಗುವಾಗ ಎಳೆಯ ಬೇರುಗಳನ್ನು ಹರಿದುಹಾಕುತ್ತದೆ. ಅದಲ್ಲದೆ ಈ ಜೇಡಿಯು ತಾನು ಹಿಡಿದ ನೀರನ್ನು ಅಷ್ಟು ಸುಲಭವಾಗಿ ಬೇರಿಗೆ ಬಿಟ್ಟುಕೊಡುವುದಿಲ್ಲ. ಎರೆಯಲ್ಲಿ ಕಾಡು ಬೆಳೆಯದಿರುವುದಕ್ಕೆ ನೇಗಿಲೊಂದೇ ಕಾರಣವಲ್ಲ. ಮಣ್ಣಿನ ಈ ಸ್ವಭಾವವೂ ಕಾರಣ. ಇದನ್ನು ತಾಳಿಕೊಂಡ ಮರಗಳು ಬದುಗಳ ಮೇಲೆ ಕಾಣುತ್ತವೆ: ಜಾಲಿ, ಬೇವು, ಹುಣಸೆ, ಬನ್ನಿ, ಹಳ್ಳದ ದಡದಲ್ಲಿ ಹೊಂಗೆ.

ಮಧ್ಯಾಹ್ನದ ಬಿಸಿಲಿನಲ್ಲಿ ನಮಗೆ ನೆರಳು ಕೊಡುವುದು ಬೇವು. ಅದು ಪೂರ್ತಿ ಬೋಳಾಗಿ ಬಹುಕಾಲ ಇರುವುದಿಲ್ಲ. ಹಳೆಯ ಎಲೆ ಉದುರುತ್ತಿರುವಾಗಲೇ ತಾಮ್ರದ ಬಣ್ಣದ ಚಿಗುರು ಬರುತ್ತದೆ. ಬೇರು ಆಳಕ್ಕಿಳಿದು ನೀರನ್ನು ಮುಟ್ಟಬಲ್ಲುದಾದುದರಿಂದ ಅದಕ್ಕೆ ಈ ಧೈರ್ಯ. ಅದರ ಹೂವು ಕಡಲೆಗಿಂತ ದೊಡ್ಡದಲ್ಲ. ಐದು ಬಿಳಿಯ ದಳ, ನಡುವೆ ಕೇಸರಗಳೆಲ್ಲ ಕೂಡಿ ಆದ ಒಂದು ಸಣ್ಣ ಕೊಳವೆ, ಸಂಜೆಯಾದಂತೆ ಹೆಚ್ಚುವ ಪರಿಮಳ. ಮುತ್ತುಗವು ಬಣ್ಣದಿಂದ ಹಕ್ಕಿಯನ್ನು ಕರೆದರೆ ಬೇವು ಪರಿಮಳದಿಂದ ಕೀಟಗಳನ್ನು ಕರೆಯುತ್ತದೆ. ಇದರ ಹಣ್ಣು ಪಕ್ವವಾಗುವುದು ಮುಂಗಾರಿನ ವೇಳೆಗೆ. ಬೇವಿನ ಬೀಜವು ಕೆಲವು ವಾರಗಳಲ್ಲಿಯೇ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆಂಬುದನ್ನು ನೆನೆದರೆ, ಹೂವಿನ ಕಾಲವನ್ನು ಅದು ಎಷ್ಟು ಕರಾರುವಾಕ್ಕಾಗಿ ಆರಿಸಿಕೊಂಡಿದೆಯೆಂದು ಅಚ್ಚರಿಯಾಗುತ್ತದೆ.

ಬೇವು, ಅರಳಿ, ಮಾವುಗಳ ಚಿಗುರು ಕೆಂಪಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಆ ಬಣ್ಣಕ್ಕೆ ಕಾರಣ ಆಂಥೊಸಯನಿನ್ ಎಂಬ ವರ್ಣದ್ರವ್ಯ. ಪತ್ರಹರಿತ್ತು ಇನ್ನೂ ತುಂಬಿರದ ಎಳೆಯ ಎಲೆಗೆ ಕಡು ಬಿಸಿಲಿನಿಂದ ಹಾನಿಯಾಗದಂತೆ ಅದು ಮರೆಯಾಗಿ ನಿಲ್ಲುತ್ತದೆಂಬುದು ಒಂದು ವಿವರಣೆ. ಎಲೆ ತಿನ್ನುವ ಕೀಟಗಳಿಗೆ ಆ ಬಣ್ಣ ರುಚಿಸದೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿರಬಹುದು.

ಬೈಲಹೊಂಗಲದಿಂದ ಹೆಚ್ಚು ದೂರವಲ್ಲದ ಸೊಗಲದಲ್ಲಿ ಸೋಮೇಶ್ವರ ದೇವಾಲಯವೂ ನೀರು ಬೀಳುವ ಕೊಳ್ಳವೂ ಇವೆ. ನೀರಿನ ತೇವವಿರುವ ಇಂತಹ ಕೊಳ್ಳಗಳಲ್ಲಿ ಅತ್ತಿ, ನೇರಳೆ ಮೊದಲಾದ ಮರಗಳು ಬೇಸಿಗೆಯಲ್ಲಿಯೂ ಹಸುರಾಗಿರುತ್ತವೆ. ಮೇಲಿನ ದಿಣ್ಣೆಯಲ್ಲಿ ಬೋಳು ಮರ, ಕೆಳಗಿನ ಹಳ್ಳದಲ್ಲಿ ಹಸುರು ಮರ. ಬಿಸಿಲು, ಗಾಳಿ, ಮಳೆ ಎಲ್ಲ ಒಂದೇ. ಭೇದವಿರುವುದು ಬೇರಿಗೆ ಸಿಗುವ ನೀರಿನಲ್ಲಿ. ಎಲೆಯುದುರುವುದಕ್ಕೆ ನೀರಿನ ಅಭಾವವೇ ಕಾರಣವೆಂಬುದಕ್ಕೆ ಇದಕ್ಕಿಂತ ಸುಲಭವಾದ ಪ್ರಮಾಣ ಬೇಡ.

ಸವದತ್ತಿಯ ಕಲ್ಲು

ಸವದತ್ತಿಯನ್ನು ಸಮೀಪಿಸಿದಂತೆ ಬಯಲಿನ ಅಂಚಿನಲ್ಲಿ ಚಪ್ಪಟೆ ತಲೆಯ ಗುಡ್ಡಗಳು ಏಳುತ್ತವೆ. ಯಲ್ಲಮ್ಮನ ಗುಡ್ಡವೂ ಇವುಗಳಲ್ಲಿ ಒಂದು. ಇವು ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಕೂತ ಮರಳು ಗಟ್ಟಿಯಾಗಿ ಆದ ಶಿಲೆಗಳು. ಭೂವಿಜ್ಞಾನಿಗಳು ಈ ಕಲ್ಲಿಗೆ ಸವದತ್ತಿ ಕ್ವಾರ್ಟ್ಜೈಟ್ ಎಂದೂ ಅದು ಸೇರಿದ ಸ್ತರಕ್ಕೆ ರಾಮದುರ್ಗ ಸ್ತರವೆಂದೂ ಹೆಸರಿಟ್ಟಿದ್ದಾರೆ. ನಮ್ಮ ಎರಡು ಊರುಗಳ ಹೆಸರು ಹೀಗೆ ಭೂಮಿಯ ಪ್ರಾಚೀನ ಇತಿಹಾಸದಲ್ಲಿ ಸೇರಿಹೋಗಿದೆ. ಮಲಪ್ರಭೆಯು ಈ ಕಲ್ಲನ್ನು ಕೊರೆದು ಹಾದುಹೋಗುವ ಇಕ್ಕಟ್ಟಾದ ಕಣಿವೆಯೇ ನವಿಲುತೀರ್ಥ. ಅಲ್ಲಿ ೧೯೭೦ರ ದಶಕದ ಮೊದಲಲ್ಲಿ ಪೂರ್ಣಗೊಂಡ ಅಣೆಕಟ್ಟು ನೀರನ್ನು ತಡೆದು ರೇಣುಕಾಸಾಗರವನ್ನು ಉಂಟುಮಾಡಿದೆ.

ಕ್ವಾರ್ಟ್ಜೈಟು ಸುಲಭವಾಗಿ ಮಣ್ಣಾಗುವ ಕಲ್ಲಲ್ಲ. ಗುಡ್ಡದ ಮೇಲೆ ಮಣ್ಣು ತೆಳ್ಳಗೆ, ಬಿರುಕುಗಳಲ್ಲಿ ಮಾತ್ರ. ಬಿದ್ದ ಮಳೆ ನಿಲ್ಲದೆ ಹರಿದುಹೋಗುತ್ತದೆ. ದೊಡ್ಡ ಮರಗಳ ಸ್ಥಾನದಲ್ಲಿ ಇಲ್ಲಿ ಪೊದೆಗಳು ಬರುತ್ತವೆ. ಬಂಡೆಗಳ ನಡುವೆ ಹಳದಿಯಾಗಿ ಹೊಳೆಯುವುದು ತಂಗಡಿ. ತೊಗಲು ಹದಮಾಡುವವರು ಇದರ ತೊಗಟೆಯನ್ನು ಬಳಸುತ್ತಿದ್ದರು. ಈ ಹೂವಿನಲ್ಲಿ ಮಕರಂದವೇ ಇಲ್ಲ; ಪರಾಗವೇ ಅತಿಥಿಗೆ ಕೊಡುವ ಊಟ. ಅದೂ ಪರಾಗಕೋಶದ ತುದಿಯ ಸಣ್ಣ ರಂಧ್ರದಲ್ಲಿ ಬಂದಿಯಾಗಿದೆ. ದೊಡ್ಡ ಕಪ್ಪು ದುಂಬಿಯು ಹೂವನ್ನು ಅಪ್ಪಿಕೊಂಡು ಮೈಯನ್ನು ಝೇ ಎಂದು ಕಂಪಿಸಿದಾಗ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರುವಂತೆ ಪರಾಗವು ಉದುರುತ್ತದೆ. ಕಿವಿಗೊಟ್ಟರೆ ದುಂಬಿಯು ಹಾರುವ ಸದ್ದಿಗೂ ಹೂವನ್ನು ಅಲುಗಿಸುವ ಸದ್ದಿಗೂ ಇರುವ ಭೇದವು ನಮಗೂ ತಿಳಿಯುತ್ತದೆ.

ತಂಗಡಿಯ ಪಕ್ಕದಲ್ಲಿಯೇ ಇರುವ ಬಂದರಿಕೆಯ ಎಲೆಯನ್ನು ಮುಟ್ಟಿ ನೋಡಿರಿ, ಅಂಟಂಟಾಗಿದೆ. ಅದರ ಮೇಲಿನ ರಾಳದ ಲೇಪವು ನೀರಿನ ಆವಿಯನ್ನು ತಡೆಯುತ್ತದೆ. ಆದುದರಿಂದ ಇದು ಎಲೆಯನ್ನು ಉದುರಿಸದೆಯೇ ಬೇಸಿಗೆಯನ್ನು ಕಳೆಯಬಲ್ಲುದು. ಇದರ ಹೂವು ಗಾಳಿಯನ್ನು ನಂಬಿದುದು; ಬಣ್ಣವಿಲ್ಲ, ಮಕರಂದವಿಲ್ಲ. ಈಗ ಕಾಣುವ ಕೆಂಪು ಗೊಂಚಲುಗಳು ಹೂವಲ್ಲ, ಕಾಗದದಂಥ ರೆಕ್ಕೆಗಳುಳ್ಳ ಕಾಯಿಗಳು.

ರಾಮದುರ್ಗದ ಮುಳ್ಳುಗಂಟಿ

ಸಂಜೆಗೆ ರಾಮದುರ್ಗದ ಸುತ್ತಲ ಗುಡ್ಡಗಳನ್ನು ಸೇರುವ ಹೊತ್ತಿಗೆ ನಾವು ಕಿತ್ತೂರಿನ ಕಾಡನ್ನು ಸಂಪೂರ್ಣವಾಗಿ ಹಿಂದೆ ಬಿಟ್ಟಿರುತ್ತೇವೆ. ಇಲ್ಲಿನ ಸಸ್ಯಗಳಿಗೆ ಅಂಗೈಯಗಲದ ಎಲೆ ಇಲ್ಲ. ಬಿಳಿಜಾಲಿ, ಚುಜ್ಜಲುಗಳ ಎಲೆ ನೂರಾರು ಸಣ್ಣ ಕಿರುಎಲೆಗಳಾಗಿ ಒಡೆದಿದೆ. ಸಣ್ಣ ಎಲೆಯು ಗಾಳಿಗೆ ಬೇಗ ತಂಪಾಗುತ್ತದೆ. ಇಂಗಳದ ಗಿಡದಲ್ಲಿ ಮುಳ್ಳೇ ಹಸುರಾಗಿದ್ದು ಎಲೆಯ ಕೆಲಸದಲ್ಲಿ ಪಾಲು ಪಡೆಯುತ್ತದೆ. ಕಳ್ಳಿಯು ಎಲ್ಲರಿಗಿಂತ ಜಾಣ: ದಪ್ಪನಾದ ಹಸುರು ಕಾಂಡದಲ್ಲಿ ನೀರು ಕೂಡಿಟ್ಟುಕೊಂಡು, ಪತ್ರರಂಧ್ರಗಳನ್ನು ತಂಪಾದ ರಾತ್ರಿಯಲ್ಲಿ ತೆರೆದು, ಹಗಲಿನಲ್ಲಿ ಮುಚ್ಚಿಕೊಂಡಿರುತ್ತದೆ. ಕವಳಿಯ ಪೊದೆಯಲ್ಲಿ ಮಲ್ಲಿಗೆಯಂಥ ಬಿಳಿಯ ಹೂವೂ ಅದರ ಬದಿಯಲ್ಲಿ ಕವಲೊಡೆದ ಮುಳ್ಳೂ ಒಟ್ಟಿಗೆ ಕಾಣುತ್ತವೆ. ಸುರೇಬಾನದ ಬಳಿಯ ಶಬರಿಕೊಳ್ಳಕ್ಕೆ ರಾಮನು ಬಂದಿದ್ದನೆಂದು ಜನರ ನಂಬಿಕೆ. ಶಬರಿ ಕೊಟ್ಟ ಹಣ್ಣೆಂದು ಜನ ಹೇಳುವ ಬೋರೆಯು ಈ ಒಣಸೀಮೆಯ ಗಿಡವೆಂಬುದು ಗಮನಾರ್ಹ.

ಇಂತಹ ನೆಲವನ್ನು ಕಂಡವರು ‘ಏನೂ ಇಲ್ಲದ ಜಾಗ’ ಎಂದುಬಿಡುವುದು ವಾಡಿಕೆ. ೨೦೧೯ರಲ್ಲಿ ಪ್ರಕಟವಾದ ಭಾರತದ ಪಾಳುಭೂಮಿಗಳ ನಕ್ಷಾಸಂಪುಟದಲ್ಲಿ ಕುರುಚಲು ಬೆಳೆದ ನೆಲವೂ ಪಾಳಿನ ಒಂದು ವರ್ಗವಾಗಿಯೇ ಎಣಿಕೆಯಾಗಿದೆ. ಪಾಳೆಂದು ಹೆಸರಿಟ್ಟ ಮೇಲೆ ಅದನ್ನು ಅಗೆಯುವುದಕ್ಕೂ, ಅದರ ಮೇಲೆ ನೀಲಗಿರಿಯ ಸಾಲುಗಳನ್ನು ನೆಡುವುದಕ್ಕೂ ಯಾರೂ ಎರಡು ಸಲ ಯೋಚಿಸುವುದಿಲ್ಲ. ಆದರೆ ಬೆಳಗಿನಿಂದ ನಮ್ಮೊಡನೆ ಬಂದವರಿಗೆ ಈ ಹೆಸರು ಒಪ್ಪಿಗೆಯಾಗದು. ಇಲ್ಲಿರುವುದು ಹಾಳಾದ ಕಾಡಲ್ಲ. ಐದು ನೂರು ಮಿಲಿಮೀಟರ್ ಮಳೆಗೆ ತಕ್ಕ, ತನ್ನದೇ ಆದ ಬಾಳುವೆಯನ್ನು ಕಂಡುಕೊಂಡ ಸಸ್ಯಸಮುದಾಯ. ಕುರಿ ಮೇಯಿಸುವವನಿಗೂ ತೋಳಕ್ಕೂ ನವಿಲಿಗೂ ಅದು ಆಸರೆ. ನೆರೆಯ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇಂತಹುದೇ ಕುರುಚಲು ಕಾಡನ್ನು ೨೦೧೦ರ ದಶಕದಲ್ಲಿ ಚಿಂಕಾರ ಜಿಂಕೆಗಳಿಗಾಗಿ ವನ್ಯಧಾಮವೆಂದು ಸರಕಾರವು ಘೋಷಿಸಿತು. ಒಂದೇ ಬಗೆಯ ನೆಲ ಒಂದು ಕಡೆ ಪಾಳು, ಇನ್ನೊಂದು ಕಡೆ ಧಾಮ! ವ್ಯತ್ಯಾಸವಿರುವುದು ನೆಲದಲ್ಲಲ್ಲ, ನೋಡಿದವರ ಕಣ್ಣಿನಲ್ಲಿ.

ಇಡೀ ದಿನ ನೆಲದ ಮೇಲೆ ಪುಟ್ಟ ಹೂಗಳನ್ನು ನಾವು ಹೆಚ್ಚಾಗಿ ಕಾಣಲಿಲ್ಲ. ಅವು ಇಲ್ಲವೆಂದಲ್ಲ. ಗೌರಿಹೂವಿನಂಥವು ಗೆಡ್ಡೆಗಳಾಗಿ, ಉಳಿದವು ಬೀಜಗಳಾಗಿ ಇದೇ ಮಣ್ಣಿನಲ್ಲಿ ಮಲಗಿವೆ. ಅವುಗಳ ವಸಂತ ಬರುವುದು ಮಳೆಯ ಜೊತೆಗೆ. ಶ್ರಾವಣದಲ್ಲಿ ಇದೇ ಹಾದಿಯಲ್ಲಿ ಇನ್ನೊಮ್ಮೆ ಬಂದವರು ತಲೆ ಬಾಗಿಸಿ ನಡೆಯಬೇಕಾದೀತು.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಈ ಸಂಚಾರಕ್ಕೆ ಬೇಕಾದುದು ನೀರು, ಟೊಪ್ಪಿಗೆ, ಒಂದು ಟಿಪ್ಪಣಿಪುಸ್ತಕ, ಸಾಧ್ಯವಾದರೆ ಒಂದು ಭೂತಗನ್ನಡಿ. ಕಾದಿಟ್ಟ ಅರಣ್ಯವನ್ನು ಹೊಗುವ ಮುನ್ನ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯಬೇಕು. ಕೊಂಬೆ ಮುರಿಯುವುದು ಬೇಡ. ಉದುರಿದ ಹೂವೇ ಅಧ್ಯಯನಕ್ಕೆ ಸಾಕಷ್ಟು ದೊರೆಯುತ್ತದೆ. ಬೆಂಕಿಯ ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ಒಣಗಿದ ತೇಗದ ಎಲೆಯ ಹಾಸಿಗೆಗೆ ಒಂದು ಕಿಡಿ ಸಾಕು. ನಮ್ಮ ಒಣಕಾಡುಗಳ ಬೇಸಿಗೆಯ ಬೆಂಕಿಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಹತ್ತುತ್ತವೆ. ದೊಡ್ಡ ಮರ ಅದನ್ನು ತಾಳಿಕೊಂಡೀತು. ಹೋದ ಮಳೆಗಾಲದಲ್ಲಿ ಹುಟ್ಟಿದ ಸಸಿ ತಾಳದು.

ಸಸ್ಯಗಳನ್ನು ಗುರುತಿಸಲು ನಮಗೆ ಹಳೆಯ ಆಧಾರವುಂಟು. ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಥಿಯೊಡೋರ್ ಕುಕ್ ಎಂಬಾತನು ೧೯೦೧ರಿಂದ ೧೯೦೮ರವರೆಗೆ ಹೊರತಂದ ಆ ಪ್ರಾಂತದ ಸಸ್ಯಸಂಪುಟಗಳಲ್ಲಿ ಇಲ್ಲಿನ ಗಿಡಮರಗಳ ವರ್ಣನೆ ದೊರೆಯುತ್ತದೆ. ಆದರೆ ನಿಮ್ಮ ಊರಿನ ಮುತ್ತಲವು ಈ ವರ್ಷ ಯಾವ ದಿನ ಮೊದಲ ಹೂ ಬಿಟ್ಟಿತೆಂಬುದು ಯಾವ ಸಂಪುಟದಲ್ಲಿಯೂ ಇರದು. ಜಪಾನಿನ ಕ್ಯೋಟೊ ನಗರದಲ್ಲಿ ಚೆರ್ರಿ ಹೂ ತುಂಬಿ ಅರಳಿದ ದಿನವನ್ನು ದಿನಚರಿಗಳಲ್ಲಿ ಬರೆದಿಡುತ್ತ ಬಂದ ದಾಖಲೆಯು ಒಂಬತ್ತನೆಯ ಶತಮಾನದಿಂದಲೂ ಉಂಟು. ೨೦೨೧ರಲ್ಲಿ ಆ ದಿನವು ಮಾರ್ಚ್ ೨೬ಕ್ಕೆ ಬಂತು. ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿಯೇ ಅದು ಅತ್ಯಂತ ಮುಂಚಿನ ದಿನವಾಗಿತ್ತು. ಭೂಮಿಯು ಬಿಸಿಯಾಗುತ್ತಿರುವುದಕ್ಕೆ ಅದೊಂದು ಸಾಕ್ಷಿಯಾಯಿತು. ಬರೆದಿಟ್ಟವರಿದ್ದುದರಿಂದಲೇ ಅದು ತಿಳಿಯಿತು.

ನಮ್ಮ ಮರಗಳಿಗೆ ಈ ಪ್ರಶ್ನೆ ಇನ್ನೂ ಗಂಭೀರವಾದುದು. ಹೂವಿನ ಕಾಲವನ್ನು ಹಗಲಿನ ಉದ್ದ ನಿರ್ಧರಿಸುವ ಮರದಲ್ಲಿ ಬೀಜವು ಪ್ರತಿವರ್ಷವೂ ಹೆಚ್ಚುಕಡಮೆ ಅದೇ ದಿನಕ್ಕೆ ಸಿದ್ಧವಾಗುತ್ತದೆ. ಆದರೆ ಮಳೆಯು ತನ್ನ ಕಾಲವನ್ನು ಬದಲಿಸಿದರೆ? ಸಾವಿರಾರು ವರ್ಷಗಳಿಂದ ಒಂದಕ್ಕೊಂದು ಹೊಂದಿಕೊಂಡ ಎರಡು ಗಡಿಯಾರಗಳು ಬೇರೆಬೇರೆ ಗಂಟೆ ಹೊಡೆದಂತಾಗುತ್ತದೆ. ಹೀಗಾಗುತ್ತಿದೆಯೆ ಇಲ್ಲವೆ ಎಂಬುದನ್ನು ತಿಳಿಯಲು ಊರೂರಿನ ದಾಖಲೆ ಬೇಕು. ಸೀಸನ್‌ವಾಚ್ ಎಂಬ ಹೆಸರಿನಲ್ಲಿ ನಮ್ಮ ದೇಶದ ಶಾಲಾಮಕ್ಕಳೂ ನಾಗರಿಕರೂ ಮರಗಳನ್ನು ವಾರಕ್ಕೊಮ್ಮೆ ನೋಡಿ ಎಲೆ, ಹೂ, ಹಣ್ಣುಗಳ ಸ್ಥಿತಿಯನ್ನು ದಾಖಲಿಸುವ ಕಾರ್ಯಕ್ರಮವೊಂದು ನಡೆದಿದೆ. ಅದಕ್ಕೆ ಸೇರಬಹುದು, ಇಲ್ಲವೆ ಶಾಲೆಯ ಅಂಗಳದ ಒಂದೇ ಒಂದು ಬೇವನ್ನು ಆರಿಸಿಕೊಂಡು ಮೊದಲ ಚಿಗುರು, ಮೊದಲ ಹೂ, ಮೊದಲ ಹಣ್ಣು, ಮೊದಲ ಮಳೆ ಈ ನಾಲ್ಕು ದಿನಾಂಕಗಳನ್ನು ಪ್ರತಿವರ್ಷ ಬರೆದಿಡಬಹುದು. ಒಂದು ವರ್ಷದ ಟಿಪ್ಪಣಿಯಿಂದ ಏನೂ ತಿಳಿಯದು. ಹತ್ತು ವರ್ಷದ ಟಿಪ್ಪಣಿಯನ್ನು ವಿಜ್ಞಾನಿಗಳೂ ಬಂದು ಕೇಳಿಯಾರು. ಈ ವರ್ಷದ ಯುಗಾದಿಯಿಂದ ಅದನ್ನು ತೊಡಗಬಾರದೇಕೆ?